ಒಂಬತ್ತು ಸೋಲು, 56 ಅಂಕ: ತಪ್ಪು ಕೋಚ್‌ನದೋ ಆಟಗಾರರದೋ?

2021ರಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 12 ಪಂದ್ಯ ಆಡಿ ಮೂರು ಗೆದ್ದಿತು, ಒಂಬತ್ತು ಸೋತಿತು. ಇಂಥ ತಂಡಗಳು ಪ್ರತಿ ವರ್ಷ ಹತ್ತಾರು ಇರುತ್ತವೆ. ಆದರೆ ಈ ತಂಡ ಇಡೀ ಋತುವಿನಲ್ಲಿ ಗಳಿಸಿದ್ದು 335 ಅಂಕ, ಬಿಟ್ಟುಕೊಟ್ಟದ್ದು 272. ಒಟ್ಟಾರೆ 63 ಅಂಕ ಮೇಲಿದ್ದೂ ತನ್ನ ಕಾನ್ಫರೆನ್ಸ್‌ನಲ್ಲಿ, ಅಂದರೆ ತಾನಿರುವ ಕಾಲೇಜು ಲೀಗ್‌ನಲ್ಲಿ, ಒಂದು ಗೆಲುವು, ಎಂಟು ಸೋಲು. ಒಂಬತ್ತು ಸೋಲುಗಳ ಅಂತರ ಕ್ರಮವಾಗಿ 8, 7, 3, 3, 7, 5, 9, 7, 7. ಎಲ್ಲ ಕೂಡಿದರೂ 56. ಯಾವ ಸೋಲೂ ಎರಡಂಕಿ ಮುಟ್ಟಲಿಲ್ಲ. ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ, ನೆಟ್ ರನ್‌ರೇಟ್ ಪ್ಲಸ್‌ನಲ್ಲಿ ಇಟ್ಟುಕೊಂಡು ಪಾಯಿಂಟ್ ಪಟ್ಟಿಯ ತಳದಲ್ಲಿ ಕೂತ ತಂಡ.

ಋತು ಕೆಟ್ಟಾಗ ಏಳುವ "ಕೋಚ್‌ನ ತಪ್ಪೋ, ಹುಡುಗರ ತಪ್ಪೋ" ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಹುಡುಗರೇ ಕಳಪೆ ಎನ್ನೋಣವೆಂದರೆ, ಆ ವರ್ಷ ರಾಷ್ಟ್ರೀಯ ಪ್ಲೇಆಫ್‌ನ ಕೊನೆಯ ನಾಲ್ಕರಲ್ಲಿ ನಿಂತ ತಂಡವನ್ನೂ ಅವರು ಕೊನೆಯ ಎರಡು ನಿಮಿಷದವರೆಗೆ ಸಮಬಲದಲ್ಲಿ ಹಿಡಿದಿದ್ದರು. ಕೋಚ್ ಕಳಪೆ ಎನ್ನೋಣವೆಂದರೆ, ಹುಡುಗರನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದು ಅವರೇ.

ಇಲ್ಲಿ ಬರುವ ಅಂಕ, ತಾರೀಖು, ಹಣದ ಮೊತ್ತ ಎಲ್ಲ ಸಾರ್ವಜನಿಕ ದಾಖಲೆಯವು. ಆಟ ಬಲ್ಲವರಿಗೆ ತಂಡ ಯಾವುದೆಂದು ಹೊಳೆದೀತು. ಆದರೂ ಹೆಸರು ಬಿಟ್ಟಿದ್ದೇವೆ. ತಪ್ಪಿನ ಲೆಕ್ಕ ಬರೆಯುವಾಗ ಕಣ್ಣಿಗೆ ಬೀಳುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು.

ಹಿನ್ನೆಲೆ

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಬೇರೆ ಆಟ. ಆದ್ದರಿಂದ ಬೇಕಾದಷ್ಟು ಮಾತ್ರ ಹೇಳಿ ಮುಂದೆ ಹೋಗೋಣ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಅದಕ್ಕೆ ಫಸ್ಟ್ ಡೌನ್ ಎನ್ನುತ್ತಾರೆ. ಚೆಂಡನ್ನು ಎದುರಾಳಿಯ ಗೋಲಿನ ಜಾಗಕ್ಕೆ ಒಯ್ಯುವ ಟಚ್‌ಡೌನ್‌ಗೆ 6 ಅಂಕ, ಅದರ ಬೆನ್ನಿಗೆ ಒದೆಯುವ ಎಕ್ಸ್‌ಟ್ರಾ ಪಾಯಿಂಟ್‌ಗೆ 1, ಗೋಲು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3. ತನ್ನದೇ ಗೋಲಿನ ಜಾಗದಲ್ಲಿ ಸಿಕ್ಕಿಬಿದ್ದರೆ ಎದುರಾಳಿಗೆ 2 ಅಂಕ. ಅದಕ್ಕೆ ಸೇಫ್ಟಿ ಎನ್ನುತ್ತಾರೆ. ನಾಲ್ಕನೇ ಪ್ರಯತ್ನದಲ್ಲಿ ಆಸೆ ಇಲ್ಲದಿದ್ದರೆ ಚೆಂಡನ್ನು ದೂರಕ್ಕೆ ಒದ್ದು ಒಪ್ಪಿಸುವುದು ಪಂಟ್. ಪಂಟ್, ಕಿಕ್‌ಆಫ್, ಫೀಲ್ಡ್ ಗೋಲ್ ಹೀಗೆ ಒದೆಯುವ ಆಟವೆಲ್ಲ ಸೇರಿ ಸ್ಪೆಷಲ್ ಟೀಮ್ಸ್. ಅಟ್ಯಾಕ್ ಮತ್ತು ಡಿಫೆನ್ಸ್‌ನಂತೆ ಇದು ಮೂರನೇ ವಿಭಾಗ. ಪಂದ್ಯದ ಆಟಗಳಲ್ಲಿ (ಒಂದೊಂದು ಪ್ರಯತ್ನವೂ ಒಂದು ಆಟ) ಇದರದ್ದು ಐದಾರಕ್ಕೆ ಒಂದು ಪಾಲು. ಆದರೆ ಅಭ್ಯಾಸದ ಹೊತ್ತಿನಲ್ಲಿ ಅಷ್ಟು ಪಾಲು ಇದಕ್ಕೆ ಸಿಗುವುದು ಅಪರೂಪ. ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ನಿಯಮದಂತೆ ಋತುವಿನಲ್ಲಿ ಆಟಗಾರರನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ತೊಡಗಿಸುವಂತಿಲ್ಲ. ಮೊದಲು ಕತ್ತರಿ ಬೀಳುವುದು ಈ ಒದೆತದ ಅಭ್ಯಾಸಕ್ಕೆ.

ಹೆಡ್ ಕೋಚ್ ಅದೇ ಕಾಲೇಜಿನ ಹಳೆಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಅಟ್ಯಾಕ್ ನಡೆಸುವ ಆಟಗಾರ. 2017ರಲ್ಲಿ ಬೇರೊಂದು ಕಾಲೇಜಿನಲ್ಲಿ 13 ಪಂದ್ಯಕ್ಕೆ 13 ಗೆದ್ದು ಊರಿಗೆ ಮರಳಿದವರು. 2018ರಲ್ಲಿ 4 ಗೆಲುವು 8 ಸೋಲು, 2019ರಲ್ಲಿ 5–7, ಕೋವಿಡ್‌ನಿಂದ ಮೊಟಕಾದ 2020ರಲ್ಲಿ 3–5. 2019ರ ನವೆಂಬರ್‌ನಲ್ಲಿ, ಎರಡನೇ ಋತು ಇನ್ನೂ ಮುಗಿಯದಿರುವಾಗಲೇ, ಅವರ ಕರಾರನ್ನು 2026ರವರೆಗೆ ವಿಸ್ತರಿಸಲಾಯಿತು. ಈ ವಿಸ್ತರಣೆಯ ಬಗ್ಗೆ ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ಎಲ್ಲ ನಿರ್ಧಾರಗಳ ಕೈ ಕಟ್ಟಿದ್ದು ಇದೇ. 2021ರ ಬೇಸಿಗೆಯಲ್ಲಿ ಕಾಲೇಜಿನ ಕ್ರೀಡಾ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಕೂಡ ಬದಲಾದರು. ಅಂದರೆ ಕರಾರು ಮಾಡಿದವರು ಒಬ್ಬರು, ಅದರ ಫಲ ಉಣ್ಣಬೇಕಾದವರು ಇನ್ನೊಬ್ಬರು.

ಇನ್ನೊಂದು ವಿಷಯ ಸಣ್ಣದೆಂದು ಕಂಡರೂ ಈ ಪ್ರಕರಣದ ತಿರುಳು ಅದೇ. ಆಗಿನ ನಿಯಮದಲ್ಲಿ ಹೆಡ್ ಕೋಚ್ ಕೈಕೆಳಗೆ ಮೈದಾನದಲ್ಲಿ ಹೇಳಿಕೊಡಬಹುದಾದ ಅಸಿಸ್ಟೆಂಟ್ ಕೋಚ್‌ಗಳು 10 ಮಂದಿ. ಆ ಹತ್ತು ಕುರ್ಚಿಯನ್ನು ಯಾವ ಯಾವ ಕೆಲಸಕ್ಕೆ ಹಂಚುವುದು ಎಂಬುದು ಹೆಡ್ ಕೋಚ್ ಒಬ್ಬರದೇ ತೀರ್ಮಾನ. 2020ರಲ್ಲಿ ಇವರು ಸ್ಪೆಷಲ್ ಟೀಮ್ಸ್‌ಗೆ ಕುರ್ಚಿ ಕೊಡದೆ ಅದನ್ನು ಒಬ್ಬ ಅನಲಿಸ್ಟ್ ಕೈಗೆ ಬಿಟ್ಟಿದ್ದರು. ಅನಲಿಸ್ಟ್ ವಿಡಿಯೊ ನೋಡಬಹುದು, ಟಿಪ್ಪಣಿ ಬರೆಯಬಹುದು, ಆದರೆ ಆಗಿನ ನಿಯಮದಲ್ಲಿ ಮೈದಾನಕ್ಕಿಳಿದು ಆಟಗಾರನಿಗೆ ಹೇಳಿಕೊಡುವಂತಿರಲಿಲ್ಲ. ಆ ಗೆರೆ ದಾಟಿದ್ದಕ್ಕೆ ಮುಂದೆ ಎನ್‌ಸಿಎಎ ದಂಡವನ್ನೂ ಹಾಕಿತು. 2021ಕ್ಕೆ ಈ ಕೆಲಸ ಡಿಫೆನ್ಸ್‌ನ ಔಟ್‌ಸೈಡ್ ಲೈನ್‌ಬ್ಯಾಕರ್‌ಗಳ ಕೋಚ್‌ಗೆ ಎರಡನೇ ಹೊಣೆಯಾಗಿ ಹೋಯಿತು.

ಸೋತದ್ದು ಎಲ್ಲಿ

ಮೊದಲ ಪಂದ್ಯ, ಆಗಸ್ಟ್ 28. ಎದುರಾಳಿಯ ಪಂಟ್ ನಮ್ಮ ತಂಡದ ಗೋಲಿನ ಹೊಸ್ತಿಲಲ್ಲಿ ಬೀಳುತ್ತಿದೆ. ಹಿಂದೆ ನಿಂತ ರಿಟರ್ನರ್ ಅದನ್ನು ಬಿಡಬೇಕಿತ್ತು, ಹಿಡಿದ. ಸುತ್ತುವರಿದಾಗ ಗೋಲಿನ ಜಾಗದಿಂದ ಚೆಂಡು ಎಸೆದ. ಸೇಫ್ಟಿ, 2 ಅಂಕ. ಇದಕ್ಕೆ ಶಾಲಾ ಮಟ್ಟದಲ್ಲೇ ಕಲಿಸುವ ಒಂದು ಸೂತ್ರವಿದೆ: ಹಿಮ್ಮಡಿ 10 ಗಜದ ಗೆರೆಯ ಮೇಲಿಟ್ಟು ನಿಲ್ಲು, ಚೆಂಡು ತಲೆಯ ಮೇಲಿಂದ ಹೋದರೆ ಹಿಂದೆ ಓಡಬೇಡ, ಬಿಟ್ಟುಬಿಡು. ಆ ಆಟಗಾರ ಹೊಸಬನಲ್ಲ, ತಂಡದ ಅತ್ಯುತ್ತಮ ಡಿಫೆಂಡರ್‌ಗಳಲ್ಲಿ ಒಬ್ಬ. ಇದು ಅವನದೇ ತಪ್ಪು, ಬೇರೆ ಮಾತಿಲ್ಲ. ಅದೇ ಪಂದ್ಯದಲ್ಲಿ ಮಧ್ಯಂತರಕ್ಕೆ ಸ್ವಲ್ಪ ಮೊದಲು ಕ್ವಾರ್ಟರ್‌ಬ್ಯಾಕ್ ಕೈಯಿಂದ ಜಾರಿದ ಚೆಂಡು ಎದುರಾಳಿಗೆ ಟಚ್‌ಡೌನ್ ಆಯಿತು. ಎರಡು ಎಕ್ಸ್‌ಟ್ರಾ ಪಾಯಿಂಟ್ ಬೇರೆ ತಪ್ಪಿದವು. ಕಾಲೇಜು ಆಟದಲ್ಲಿ ಎಕ್ಸ್‌ಟ್ರಾ ಪಾಯಿಂಟ್ ಎಂದರೆ ಸುಮಾರು 20 ಗಜದ ಒದೆತ. ಅದನ್ನು ತಪ್ಪಿಸಿಕೊಂಡವನು ಹಿಂದಿನ ವರ್ಷ ಇಡೀ ಕಾನ್ಫರೆನ್ಸ್‌ನ ಅತ್ಯುತ್ತಮ ಕಿಕ್ಕರ್ ಎಂದು ಪ್ರಶಸ್ತಿ ಪಡೆದಿದ್ದವನು. ಪಂದ್ಯ 30–22ರಲ್ಲಿ ಹೋಯಿತು.

ನಾಲ್ಕನೇ ಪಂದ್ಯ 23–16. ಇಲ್ಲಿ ಕೂಡಿಸಿ ನೋಡಿ: ಒಂದು ಎಕ್ಸ್‌ಟ್ರಾ ಪಾಯಿಂಟ್ ಅನ್ನು ಎದುರಾಳಿ ತಡೆದು, ಅದೇ ಚೆಂಡು ಹಿಡಿದು ಮೈದಾನದುದ್ದಕ್ಕೂ ಓಡಿ 2 ಅಂಕ ಪಡೆದ. ಬರಬೇಕಿದ್ದ 1 ಹೋಯಿತು, 2 ಎದುರಿಗೆ ಸೇರಿತು, ಒಟ್ಟು 3. ಎರಡು ಫೀಲ್ಡ್ ಗೋಲ್ ತಪ್ಪಿದ್ದು 6. ಅಲ್ಲಿಗೆ 9 ಅಂಕ, ಸೋಲಿನ ಅಂತರ 7. ಇವು ಸರಿಹೋಗಿದ್ದರೆ ಗೆಲ್ಲುತ್ತಿದ್ದರು ಎಂದು ಹೇಳಲಾಗದು, ಅಂಕ ಬದಲಾದರೆ ಎರಡೂ ಕಡೆಯ ಆಟವೇ ಬದಲಾಗುತ್ತದೆ. ರಕ್ತ ಎಲ್ಲಿಂದ ಸೋರುತ್ತಿತ್ತು ಎಂಬುದಕ್ಕೆ ಮಾತ್ರ ಈ ಲೆಕ್ಕ ಸಾಕು.

ಐದನೇ ಪಂದ್ಯವನ್ನು ಹತ್ತಿರದಿಂದ ನೋಡಬೇಕು. ಕೋಚ್, ಆಟಗಾರ ಎಂಬ ಇಡೀ ಜಗಳ ಅಲ್ಲಿನ ಒಂದೇ ಒದೆತದಲ್ಲಿದೆ.

ಕೊನೆಯ ಕ್ವಾರ್ಟರ್‌ನಲ್ಲಿ ನಾಲ್ಕು ನಿಮಿಷಕ್ಕಿಂತ ಕಡಿಮೆ ಉಳಿದಿದೆ, ನಮ್ಮ ತಂಡ 20–13ರಲ್ಲಿ ಮುಂದಿದೆ. ಎರಡನೇ ಅರ್ಧದಲ್ಲಿ ಡಿಫೆನ್ಸ್ ಎದುರಾಳಿಗೆ ಒಂದೇ ಒಂದು ಫಸ್ಟ್ ಡೌನ್ ಕೊಟ್ಟಿಲ್ಲ, ಇಡೀ ಅರ್ಧದಲ್ಲಿ ಎದುರಾಳಿ ಸಾಗಿದ್ದು 14 ಗಜ. ಈಗ ಪಂಟ್ ಒದೆಯಬೇಕು. ಇಂಥ ಕಡೆ ಒದೆಯುವ ದಿಕ್ಕನ್ನು ಮೊದಲೇ ಹೇಳಿರುತ್ತಾರೆ. ಉಳಿದ ಹತ್ತು ಮಂದಿ ಆ ದಿಕ್ಕಿಗೆ ವಾಲಿಕೊಂಡು ಓಡುತ್ತಾರೆ, ತಮ್ಮ ತಮ್ಮ ಓಣಿ ಹಿಡಿದು ಬಲೆ ಹೆಣೆಯುತ್ತಾರೆ. ಚೆಂಡು ಹೇಳಿದ ದಿಕ್ಕಿಗೆ ಹೋಗಲಿಲ್ಲ, ಇನ್ನೊಂದು ಬದಿಗೆ ಹೋಯಿತು. ಅಲ್ಲಿ ನಿಂತಿದ್ದವನು ಹಿಡಿದ, ಎದುರಿಗೆ ಮೈದಾನ ಖಾಲಿ. 62 ಗಜ ಓಡಿ ಟಚ್‌ಡೌನ್. 20–20. ಹೆಚ್ಚುವರಿ ಅವಧಿಯಲ್ಲಿ ನಮ್ಮ ಕಡೆಯಿಂದ ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈ ಸೇರುವುದು), ಅವರಿಗೆ ಒಂದು ಫೀಲ್ಡ್ ಗೋಲ್ ಸಾಕಾಯಿತು. 23–20.

ಪಂಟರ್ ತಪ್ಪು ದಿಕ್ಕಿಗೆ ಒದ್ದ, ಆದ್ದರಿಂದ ಆಟಗಾರನ ತಪ್ಪು ಎಂದು ಅಲ್ಲಿಗೇ ಕಡತ ಮುಚ್ಚಬಹುದು. ಹೆಚ್ಚಿನವರು ಮುಚ್ಚಿದರು. ಆದರೆ ಅದರ ಕೆಳಗೆ ಇನ್ನೂ ಎರಡು ಪದರ ಇದೆ. ಒದೆತ ತಪ್ಪುವುದು ಆಟದ ಭಾಗ. ಸ್ನ್ಯಾಪ್, ಅಂದರೆ ಪಂಟರ್‌ಗೆ ಹಿಂದಕ್ಕೆ ಎಸೆದ ಚೆಂಡು, ಹೊರಟು ಕಾಲಿಗೆ ತಾಗುವವರೆಗೆ ಸಿಗುವುದು ಎರಡು ಸೆಕೆಂಡ್ ಆಸುಪಾಸು. ಆ ಅವಸರದಲ್ಲಿ ಚೆಂಡು ಕಾಲಿನ ಒಳಮೈಗೋ ಹೊರಮೈಗೋ ಸ್ವಲ್ಪ ತಾಗಿದರೂ ದಿಕ್ಕು ಕೆಡುತ್ತದೆ. ಹಾಗಾದಾಗ ಓಡುತ್ತಿರುವವರು ಮೂರ್ನಾಲ್ಕು ಹೆಜ್ಜೆಗೆ ತಲೆಯೆತ್ತಿ ಚೆಂಡು ನೋಡಿ ಓಣಿ ಬದಲಿಸಬೇಕು. ಅದು ಹುಟ್ಟಿನಿಂದ ಬರುವುದಿಲ್ಲ. ಅಭ್ಯಾಸದಲ್ಲಿ ಐದಕ್ಕೊಂದು ಪಂಟನ್ನು ಬೇಕೆಂದೇ ತಪ್ಪು ದಿಕ್ಕಿಗೆ ಹಾರಿಸಿ ರೂಢಿ ಮಾಡಿಸಬೇಕು, ಯಂತ್ರದಿಂದ ಹಾರಿಸಿದರೂ ಆದೀತು. ಇದು ಅಸಿಸ್ಟೆಂಟ್ ಕೋಚ್ ಬುಧವಾರ ಮಾಡಿಸಬೇಕಾದ ಕೆಲಸ.

ಮೂರನೇ ಪದರ ಇನ್ನೂ ಮುಖ್ಯ. ಏಳು ಅಂಕ ಮುಂದಿರುವಾಗ, ಎದುರಾಳಿಯ ಅಟ್ಯಾಕ್ ಇಡೀ ಅರ್ಧ ಹೊತ್ತು ಕದಲದೇ ಇರುವಾಗ, ಹತ್ತು ಹದಿನೈದು ಗಜ ಹೆಚ್ಚು ಸಿಕ್ಕರೆ ಏನು, ಬಿಟ್ಟರೆ ಏನು? ಅವರು ಸಮ ಮಾಡಿಕೊಳ್ಳಲು ಉಳಿದಿದ್ದ ದಾರಿ ಹೆಚ್ಚುಕಡಿಮೆ ಒಂದೇ, ಪಂಟ್ ಹಿಡಿದು ಓಡುವುದು. ಹಾಗಿದ್ದಾಗ ಚೆಂಡನ್ನು ಗೆರೆಯಾಚೆ ಹಾಕು, ಇಲ್ಲವೇ ಗಿಡ್ಡಗಾದರೂ ಸರಿ ಎತ್ತರಕ್ಕೆ ಒದ್ದು ಓಡಲು ಜಾಗ ಕೊಡಬೇಡ ಎಂದು ಹೇಳಬಹುದಿತ್ತು. ಕೆಟ್ಟರೂ ಅಗ್ಗಕ್ಕೆ ಕೆಡುವ ಆಯ್ಕೆ ಅದು. ಒದ್ದವನ ಕಾಲು ತಪ್ಪಿತು ನಿಜ, ಆದರೆ ಆ ಕಾಲು ತಪ್ಪಿದರೆ ಪಂದ್ಯವೇ ಹೋಗುವಂಥ ಆಟವನ್ನು ಆರಿಸಿದ್ದು ಸೈಡ್‌ಲೈನ್. ನಮ್ಮ ತೂಕದಲ್ಲಿ ಈ ಒಂದು ಆಟದ ಮುಕ್ಕಾಲು ಹೊಣೆ ಕೋಚ್‌ಗಳದ್ದು.

ಏಳನೇ ಪಂದ್ಯ 32–29. 29–29ರಲ್ಲಿದ್ದಾಗ, ಎರಡು ನಿಮಿಷಕ್ಕೂ ಕಡಿಮೆ ಉಳಿದಿರುವಾಗ, ಕ್ವಾರ್ಟರ್‌ಬ್ಯಾಕ್ ಗುಂಪಿನೊಳಗೆ ನುಗ್ಗಿ ಇನ್ನೊಂದು ಗಜಕ್ಕೆ ತಿಣುಕುತ್ತಿದ್ದ. ಎದುರಾಳಿ ಚೆಂಡು ಕಿತ್ತುಕೊಂಡ, ಫೀಲ್ಡ್ ಗೋಲ್ ಒದ್ದರು. ಎಂಟನೆಯದು 30–23. ಒಂಬತ್ತನೇ ಪಂದ್ಯದಲ್ಲಿ ಅದೇ ಕ್ವಾರ್ಟರ್‌ಬ್ಯಾಕ್‌ನಿಂದ ನಾಲ್ಕು ಇಂಟರ್‌ಸೆಪ್ಷನ್, 28–23. ಹತ್ತನೆಯದು 26–17. ಹನ್ನೊಂದರಲ್ಲಿ ಪಂದ್ಯದ ಮೊಟ್ಟಮೊದಲ ಕಿಕ್‌ಆಫನ್ನೇ ಎದುರಾಳಿ 91 ಗಜ ಓಡಿ ಟಚ್‌ಡೌನ್ ಮಾಡಿದ, 35–28. ಹನ್ನೆರಡರಲ್ಲಿ ಮೂರನೇ ಕ್ವಾರ್ಟರ್‌ನಲ್ಲಿ 21–6ರಿಂದ ಮುಂದಿದ್ದರು. ಪಂಟ್ ಒಂದನ್ನು ಎದುರಾಳಿ ತಡೆದು ಟಚ್‌ಡೌನ್ ಮಾಡಿದ, ಅದೂ ಸೇರಿ ಸತತ 22 ಅಂಕ ಬಿಟ್ಟು 28–21ಕ್ಕೆ ಸೋತರು. ನಡುವೆ ಕಿಕ್ಕರ್‌ನನ್ನೂ ಬದಲಿಸಿ ನೋಡಿದ್ದರು.

ಒದೆತದ ಆಟದಲ್ಲಿ ನೇರವಾಗಿ ಬಿಟ್ಟುಕೊಟ್ಟ ಟಚ್‌ಡೌನ್ ಮೂರು, ಮೂರೂ ಸೋತ ಪಂದ್ಯಗಳಲ್ಲೇ, ಆ ಸೋಲುಗಳ ಅಂತರ 3, 7, 7. ಒಮ್ಮೆ ಪಂಟ್ ಓಟ, ಒಮ್ಮೆ ಕಿಕ್‌ಆಫ್ ಓಟ, ಒಮ್ಮೆ ತಡೆದ ಪಂಟ್. ಇನ್ನೊಂದೆಡೆ ತಡೆದ ಎಕ್ಸ್‌ಟ್ರಾ ಪಾಯಿಂಟ್. ಪಂಟ್, ಕಿಕ್‌ಆಫ್, ಎಕ್ಸ್‌ಟ್ರಾ ಪಾಯಿಂಟ್ ಹೀಗೆ ಮೂರು ಬೇರೆ ಬೇರೆ ಗುಂಪು. ಒಬ್ಬನೇ ಪದೇ ಪದೇ ಎಡವಿದರೆ ಅವನನ್ನು ಬದಲಿಸಬಹುದು. ಎಲ್ಲ ಗುಂಪುಗಳೂ ಸರದಿಯಂತೆ ಎಡವಿದರೆ, ಅವೆಲ್ಲಕ್ಕೂ ಸಮಾನವಾದುದು ಹೇಳಿಕೊಡುವವರು ಮತ್ತು ಹೇಳಿಕೊಡಲು ಸಿಕ್ಕ ಸಮಯ, ಅಷ್ಟೇ.

ಬರೀ ದುರದೃಷ್ಟವೇ?

ತಂಡದ ಪರ ವಾದಿಸುವವರ ಬಲವಾದ ಮಾತು ಇದು: ಕೊನೆ ಕ್ಷಣದ ಪಂದ್ಯಗಳು ನಾಣ್ಯ ಚಿಮ್ಮಿದಂತೆ, ಮುಂದಿನ ವರ್ಷ ತಾನೇ ಸರಿಹೋಗುತ್ತದೆ. ಅಂಕಗಳ ವರ್ಗದಿಂದ ಗೆಲುವು ಅಂದಾಜಿಸುವ ಹಳೆಯ ಸೂತ್ರ ಹಾಕಿದರೆ 335 ಮತ್ತು 272ಕ್ಕೆ 12ರಲ್ಲಿ ಸುಮಾರು 7 ಗೆಲುವು ಬರಬೇಕು. ಸಿಕ್ಕಿದ್ದು 3. ಕೇಳಲು ಚೆನ್ನಾಗಿದೆ. ಆದರೆ ಆ 63ರ ಒಳಗೆ ಏನಿದೆ ನೋಡಬೇಕು: ಗೆದ್ದ ಮೂರು ಪಂದ್ಯಗಳು 52–7, 28–3, 56–7. ಅಂತರ 45, 25, 49, ಒಟ್ಟು 119. ದುರ್ಬಲರನ್ನು ಚಚ್ಚಿದ ಅಂಕ ಸೂತ್ರವನ್ನು ಉಬ್ಬಿಸುತ್ತದೆ.

ನಾಣ್ಯದ ವಾದವನ್ನು ನಾಣ್ಯದಿಂದಲೇ ಅಳೆಯೋಣ. ಎಂಟು ಅಂಕದೊಳಗಿನ ಪಂದ್ಯವನ್ನು ಒಂದೇ ಸ್ಕೋರಿನ ಪಂದ್ಯ ಎನ್ನುತ್ತಾರೆ. 2021ರಲ್ಲಿ ಅಂಥವು ಎಂಟು, ಎಂಟೂ ಸೋಲು. ನಾಣ್ಯ ಎಂಟು ಸಲವೂ ಒಂದೇ ಮುಖ ಬೀಳುವ ಸಾಧ್ಯತೆ 256ಕ್ಕೆ 1. ಮೇಲಿನ ವಿಭಾಗದಲ್ಲಿ 130 ತಂಡಗಳು ಆಡುವಾಗ ಎರಡು ಮೂರು ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಇದು ಆಗಬಹುದಾದದ್ದೇ. ಇಷ್ಟೇ ಆಗಿದ್ದರೆ ದುರದೃಷ್ಟ ಎಂದು ಒಪ್ಪಬಹುದಿತ್ತು. ಆದರೆ ಈ ಕೋಚ್‌ನ ಅಡಿಯಲ್ಲಿ ಅದಕ್ಕೂ ಮುಂಚಿನ ಮೂರು ಋತುಗಳಲ್ಲಿ ಇಂಥ ಪಂದ್ಯಗಳ ಲೆಕ್ಕ 5 ಗೆಲುವು, 12 ಸೋಲು. ಕೊನೆಗೆ ಅವರು ಹೋಗುವ ಹೊತ್ತಿಗೆ 5–22. ಇಪ್ಪತ್ತೇಳು ಚಿಮ್ಮಿಗೆಯಲ್ಲಿ ಐದು ಅಥವಾ ಅದಕ್ಕೂ ಕಡಿಮೆ ಬರುವ ಸಾಧ್ಯತೆ ಸುಮಾರು 1,300ಕ್ಕೆ 1. ನಾಲ್ಕು ವರ್ಷದಲ್ಲಿ ಹುಡುಗರು ಬಂದರು, ಪದವಿ ಮುಗಿಸಿ ಹೋದರು. ಉಳಿದವರು ಕೋಚ್, ಮತ್ತು ಬಹುಪಾಲು ಆ ಒಬ್ಬನೇ ಕ್ವಾರ್ಟರ್‌ಬ್ಯಾಕ್.

ನವೆಂಬರ್ 8ರ ನಿರ್ಧಾರ

ಹತ್ತನೇ ಪಂದ್ಯ ಮುಗಿದ ಎರಡನೇ ದಿನ ಅಥ್ಲೆಟಿಕ್ ಡೈರೆಕ್ಟರ್ ತೀರ್ಮಾನ ಪ್ರಕಟಿಸಿದರು. ಹೆಡ್ ಕೋಚ್ ಉಳಿಯುತ್ತಾರೆ. ವರ್ಷದ ಸಂಬಳ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಕೆ. ತೆಗೆದುಹಾಕಿದರೆ ಕೊಡಬೇಕಾದ ಬೈಔಟ್ ಒಂದೂವರೆ ಕೋಟಿ ಡಾಲರ್ ಇದ್ದದ್ದು 2022ರ ಅಕ್ಟೋಬರ್ 1ರಿಂದ 75 ಲಕ್ಷಕ್ಕೆ ಇಳಿಯುತ್ತದೆ. ಅದೇ ದಿನ ಅಟ್ಯಾಕ್ ಕಡೆಯ ನಾಲ್ವರು ಅಸಿಸ್ಟೆಂಟ್‌ಗಳು, ಅಂದರೆ ಕೋಆರ್ಡಿನೇಟರ್ ಮತ್ತು ಲೈನ್, ರನ್ನಿಂಗ್ ಬ್ಯಾಕ್, ಕ್ವಾರ್ಟರ್‌ಬ್ಯಾಕ್ ಕೋಚ್‌ಗಳು, ಮನೆಗೆ ಹೋದರು.

ಈ ತಿರುವು ಚರ್ಚಿಸಲು ಯೋಗ್ಯ. ಸಂಬಳ ಇಳಿಸಿ ಬೈಔಟ್ ತಗ್ಗಿಸಿದ್ದು ಹಣದ ದೃಷ್ಟಿಯಿಂದ ಜಾಣತನವೇ. ಆದರೆ ಶಿಕ್ಷೆ ಬಿದ್ದ ಜಾಗ ಸರಿಯೇ? ಇಂಟರ್‌ಸೆಪ್ಷನ್, ಫಂಬಲ್ (ಚೆಂಡು ಕೈಜಾರುವುದು) ಸಮಸ್ಯೆ ಇತ್ತು, ಅಲ್ಲಗಳೆಯುವಂತಿಲ್ಲ. ಆದರೆ ಆಟ ಕರೆಯುತ್ತಿದ್ದದ್ದು, ಅಂದರೆ ಯಾವ ಆಟ ಆಡಬೇಕೆಂದು ಹೇಳುತ್ತಿದ್ದದ್ದು, ಮುಖ್ಯವಾಗಿ ಹೆಡ್ ಕೋಚ್ ತಾವೇ. ತಾವು ಕರೆದ ಆಟಕ್ಕೆ ಕೆಳಗಿನ ನಾಲ್ವರ ತಲೆದಂಡವಾಯಿತು. ಒದೆತದ ವಿಭಾಗದ ಗತಿ ಅಂದು ಹಾಗೆಯೇ ಉಳಿಯಿತು, ನಂತರದ ಎರಡೂ ಪಂದ್ಯಗಳಲ್ಲಿ ಟಚ್‌ಡೌನ್ ಬಿಟ್ಟುಕೊಟ್ಟದ್ದೂ ಅದೇ ವಿಭಾಗ. ಅದಕ್ಕೆ ಪೂರ್ಣಾವಧಿ ಕೋಚ್ ನೇಮಕವಾದದ್ದು ಋತು ಮುಗಿದ ಮೇಲೆ.

ಮುಂದಿನ ವಸಂತಕ್ಕೆ ಬಹಳಷ್ಟು ಬದಲಾಗಿತ್ತು. ಹೊಸ ಅಟ್ಯಾಕ್ ಕೋಆರ್ಡಿನೇಟರ್ ಬಂದರು, ಆಟ ಕರೆಯುವ ಕೆಲಸ ಅವರಿಗೆ ಹೋಯಿತು. ಕಾಲೇಜು ಬದಲಿಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಹೊಸ ಕ್ವಾರ್ಟರ್‌ಬ್ಯಾಕ್ ಬಂದ, ಹಳಬ ನೆರೆ ರಾಜ್ಯದ ಕಾಲೇಜಿಗೆ ಹೋದ. ಕಾಗದದ ಮೇಲೆ ದೂರಿದ್ದೆಲ್ಲ ಸರಿಮಾಡಿದಂತಿತ್ತು.

2022: ಉತ್ತರ ಸಿಕ್ಕ ಮೂರು ವಾರ

ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ. ಎದುರಾಳಿ ಹಿಂದಿನ ವರ್ಷ 56–7ರಲ್ಲಿ ಬಡಿದಿದ್ದ ಅದೇ ತಂಡ. ಮೂರನೇ ಕ್ವಾರ್ಟರ್‌ನಲ್ಲಿ 28–17ರಿಂದ ಮುಂದಿರುವಾಗ ಹೆಡ್ ಕೋಚ್ ಆನ್‌ಸೈಡ್ ಕಿಕ್‌ಗೆ ಹೇಳಿದರು. ಚೆಂಡನ್ನು ಗಿಡ್ಡಗೆ ಒದ್ದು ತಾವೇ ಹಿಡಿದುಕೊಳ್ಳುವ ಪ್ರಯತ್ನ ಅದು. ಸೋಲುತ್ತಿರುವವರ ಅಸ್ತ್ರ. ಅನಿರೀಕ್ಷಿತವಾಗಿ ಹಾಕಿದರೆ ಫಲಿಸುವುದುಂಟು. ಆದರೆ 11 ಅಂಕ ಮುಂದಿರುವವರಿಗೆ ಸಿಕ್ಕರೆ ಬರುವ ಲಾಭ ಚಿಕ್ಕದು, ತಪ್ಪಿದರೆ ಎದುರಾಳಿಗೆ ಅರ್ಧ ಮೈದಾನ ಉಚಿತ. ತಪ್ಪಿತು. ಎದುರಾಳಿ ಟಚ್‌ಡೌನ್ ಮಾಡಿ, ಮುಂದೆ 31–28ಕ್ಕೆ ಗೆದ್ದ. ಆ ತಂಡ ಆ ವರ್ಷ ಉಳಿದ 11 ಪಂದ್ಯವನ್ನೂ ಸೋತಿತು, ಇದೊಂದೇ ಅದರ ಗೆಲುವು. ನಿರ್ಧಾರ ತಮ್ಮದೇ ಎಂದು ಕೋಚ್ ಪಂದ್ಯದ ನಂತರ ಒಪ್ಪಿಕೊಂಡರು.

ಹುಡುಗರು ಬದಲಾಗಿದ್ದರು, ಅಸಿಸ್ಟೆಂಟ್‌ಗಳು ಬದಲಾಗಿದ್ದರು, ಒದೆತಕ್ಕೆ ಪ್ರತ್ಯೇಕ ಕೋಚ್ ಬಂದಿದ್ದರು. ಆದರೂ ಐದನೇ ಪಂದ್ಯದ ಆ ಪಂಟ್‌ನಲ್ಲಿದ್ದ ಜಾತಿಯದೇ ತಪ್ಪು ಮರಳಿ ಬಂತು: ಮುಂದಿರುವಾಗ, ಕೆಟ್ಟರೆ ದುಬಾರಿಯಾಗುವ ಆಟವನ್ನು ಆರಿಸುವುದು. ಈ ಪ್ರಕರಣದಲ್ಲಿ ಹೆಡ್ ಕೋಚ್ ವಿರುದ್ಧದ ಅತಿ ಗಟ್ಟಿ ಸಾಕ್ಷ್ಯ ಇದು ಎಂದೇ ನಮ್ಮ ಅಭಿಪ್ರಾಯ.

ಸೆಪ್ಟೆಂಬರ್ 10ರಂದು ಸ್ವಂತ ಮೈದಾನದಲ್ಲಿ ಸಣ್ಣ ಕಾನ್ಫರೆನ್ಸ್‌ನ ತಂಡವೊಂದಕ್ಕೆ 642 ಗಜ ಬಿಟ್ಟುಕೊಟ್ಟು 45–42ಕ್ಕೆ ಸೋತರು. ಮರುದಿನ ಕೋಚ್ ಹೊರಗೆ. ಬೈಔಟ್ ಅರ್ಧವಾಗಲು ಇನ್ನೂ ಇಪ್ಪತ್ತು ದಿನ ಇತ್ತು, ಅದಕ್ಕೂ ಕಾಯಲಿಲ್ಲ. ಒಂದೂವರೆ ಕೋಟಿ ಪೂರ್ತಿ ತೆರಬೇಕಾಯಿತು. ಹಾಗಾದರೆ ನವೆಂಬರ್‌ನಲ್ಲಿ ಬರೆಸಿಕೊಂಡ ಆ ಕಲಮು ಯಾವ ಉಪಯೋಗಕ್ಕೂ ಬರಲಿಲ್ಲ. ಋತು 4–8ರಲ್ಲಿ ಮುಗಿಯಿತು.

ಬೇರೆಯಾದ ಮೇಲೆ ಇಬ್ಬರೂ

ಕೋಚ್ ಮತ್ತು ಆಟಗಾರ ಬೇರೆಯಾದರೆ ಏನಾಗುತ್ತದೆ ಎಂದು ನೋಡಲು ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ. ಇಲ್ಲಿ ಎರಡು ಕಡೆಯಿಂದಲೂ ಸಿಕ್ಕಿತು.

ಹಳೆಯ ಕ್ವಾರ್ಟರ್‌ಬ್ಯಾಕ್ 2021ರಲ್ಲಿ 10 ಇಂಟರ್‌ಸೆಪ್ಷನ್ ಕೊಟ್ಟಿದ್ದ. ಹೊಸ ಕಾಲೇಜಿನಲ್ಲಿ 2022ರಲ್ಲಿ ಕೊಟ್ಟದ್ದು ಒಂದು. ಸೆಪ್ಟೆಂಬರ್ 17ರಂದು ನಮ್ಮ ತಂಡ, 2021ರ ನಾಲ್ಕನೇ ಪಂದ್ಯದ ಆ ಎದುರಾಳಿಯ ಕೈಲಿ 49–14ರಲ್ಲಿ ನುಗ್ಗಾಯಿತು. ಅದಾದ ಏಳು ದಿನಕ್ಕೆ ಅದೇ ಎದುರಾಳಿಯನ್ನು ಅದರದೇ ಮೈದಾನದಲ್ಲಿ ಈತನ ಹೊಸ ತಂಡ 41–34ರಲ್ಲಿ ಸೋಲಿಸಿತು. ಈತ ತಾನೇ ಓಡಿ ನಾಲ್ಕು ಟಚ್‌ಡೌನ್ ಮಾಡಿದ, ಎಸೆದು ಇನ್ನೊಂದು. ಇಷ್ಟಕ್ಕೇ ಆಟಗಾರ ನಿರ್ದೋಷಿ ಎಂದು ತೀರ್ಪು ಕೊಡುವ ಹಾಗಿಲ್ಲ. ಹೊಸ ಕಡೆ ಅವನಿಗೆ ಎಸೆತದ ಹೊರೆ ಬಹಳ ಕಡಿಮೆ ಇತ್ತು, ಪಕ್ಕದಲ್ಲಿ ಓಟಕ್ಕೆ ಒಳ್ಳೆಯ ಜೊತೆಗಾರನಿದ್ದ. ಆದರೆ ಹೊರೆ ಕಡಿಮೆ ಮಾಡಿದ್ದು ಯಾರು? ಅಲ್ಲಿನ ಕೋಚ್. ಹುಡುಗನಿಗೆ ಆಗುವುದನ್ನು ಕೇಳಿದರು, ಆಗದ್ದನ್ನು ಕೇಳಲಿಲ್ಲ.

ಇನ್ನೊಂದು ಕಡೆಯ ಸಾಕ್ಷ್ಯ ಕೋಚ್‌ನ ಪರವಾಗಿದೆ. 2023ಕ್ಕೆ ಬಂದ ಹೊಸ ಹೆಡ್ ಕೋಚ್ ತಂಡ ಕಟ್ಟುವುದಕ್ಕೆ ಹೆಸರಾದವರು. ಆ ವರ್ಷದ ಕೊನೆಯ ನಾಲ್ಕು ಪಂದ್ಯ 20–17, 13–10, 24–17, 13–10. ನಾಲ್ಕೂ ಸೋಲು, ನಾಲ್ಕೂ ಒಂದೇ ಸ್ಕೋರಿನದು. 5–7. ಕೋಚ್ ಒಬ್ಬರನ್ನು ಬದಲಿಸಿದ ತಕ್ಷಣ ರೋಗ ಹೋಗಲಿಲ್ಲ. 2024ರಲ್ಲಿ 7–6 ಆಯಿತು, 2016ರ ನಂತರ ಮೊದಲ ಸಲ ಬೌಲ್ ಪಂದ್ಯ (ಋತುವಿನ ಕೊನೆಗೆ ಆಯ್ದ ತಂಡಗಳಿಗೆ ಸಿಗುವ ಪಂದ್ಯ) ಆಡಿ ಗೆದ್ದಿತು. ಎಂಟು ವರ್ಷದ ಅಭ್ಯಾಸ ಬಿಡಿಸಲು ಎರಡು ಋತು ಹಿಡಿಯಿತು ಎಂದು ಓದಬಹುದು. ಮೊದಲ ಋತುವಿನ ಸೋಲುಗಳಿಗೆ ಹಳೆಯ ಕೋಚ್ ಕಾರಣ ಎನ್ನುವವರೂ ಇದ್ದಾರೆ, ಅದು ಸ್ವಲ್ಪ ಎಳೆದಾಡಿದ ಮಾತು.

ಹೊಣೆ ಹಂಚುವ ಕ್ರಮ

ಇಂಥ ಋತು ಮುಗಿದಾಗ ಯಾರನ್ನಾದರೂ ತೆಗೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಹೆಚ್ಚಿನ ಕಾಲೇಜುಗಳು ಅದನ್ನು ತೆಗೆದ ಮೇಲೆ ಮಾಡುತ್ತವೆ. ಪ್ರತಿ ಸೋಲಿನಿಂದ ಪಂದ್ಯ ತಿರುಗಿಸಿದ ಆರರಿಂದ ಎಂಟು ಆಟ ಆರಿಸಿ ಹಾಳೆಗೆ ಹಾಕಬೇಕು. ಬರೀ ಕೊನೆಯ ಕ್ವಾರ್ಟರ್‌ನಿಂದ ಆರಿಸಿದರೆ ಹಾಳೆ ಸುಳ್ಳು ಹೇಳುತ್ತದೆ. ಹನ್ನೊಂದನೇ ಪಂದ್ಯದ ಆ ಏಳು ಅಂಕ ಮೊದಲ ಒದೆತದಲ್ಲೇ ಹೋಗಿತ್ತು. ಆಮೇಲೆ ಪ್ರತಿ ಆಟಕ್ಕೆ ಕೇಳಬೇಕಾದದ್ದು: ಆಟಗಾರನಿಗೆ ತನ್ನ ಕೆಲಸ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಕೈಲಾಗಲಿಲ್ಲವೇ, ಗೊತ್ತಿದ್ದು ಕೈಲಾಗುತ್ತಿದ್ದೂ ಬೇರೆ ಮಾಡಿದನೇ? ಮೊದಲನೆಯದು ಹೇಳಿಕೊಟ್ಟವರದು. ಎರಡನೆಯದು ಅವನನ್ನು ಅಲ್ಲಿ ನಿಲ್ಲಿಸಿದವರದು. ಮೂರನೆಯದು ಅವನದು, ಮೊದಲ ಪಂದ್ಯದ ಸೇಫ್ಟಿಯ ಹಾಗೆ.

ಗೊತ್ತಿತ್ತೇ ಇಲ್ಲವೇ ಎಂಬುದನ್ನು ವಿಡಿಯೊ ಹೇಳುವುದಿಲ್ಲ. ವಿಡಿಯೊ ತೋರಿಸುವ ಮುನ್ನವೇ ಆಟಗಾರನನ್ನು ಒಬ್ಬನೇ ಕೂರಿಸಿ "ಆಗ ನಿನಗೆ ಕೇಳಿಸಿದ ಕರೆ ಯಾವುದು?" ಎಂದು ಕೇಳಬೇಕು. ತೋರಿಸಿದ ಮೇಲೆ ಕೇಳಿದರೆ ಸರಿ ಉತ್ತರವನ್ನು ಕಣ್ಣೆದುರು ನೋಡಿ ಹೇಳುತ್ತಾನೆ. ಒಂದೇ ಆಟಕ್ಕೆ ಮೂವರು ಮೂರು ಕರೆ ಹೇಳಿದರೆ ತಪ್ಪು ಮೈದಾನದ್ದಲ್ಲ, ಸೈಡ್‌ಲೈನಿನದು. ಅಂಕ ಹಾಕುವವರು ಆ ವಿಭಾಗದ ಕೋಚ್ ಆಗಿರಬಾರದು. ಡಿಫೆನ್ಸ್‌ನವರು ಅಟ್ಯಾಕ್‌ನದನ್ನು ನೋಡಲಿ, ಅಟ್ಯಾಕ್‌ನವರು ಡಿಫೆನ್ಸ್‌ನದನ್ನು. ತನ್ನ ಹುಡುಗರ ಹಾಳೆಗೆ ತಾನೇ ಅಂಕ ಹಾಕುವ ಕೋಚ್ ಒಂದೋ ಅವರನ್ನು ಮುಚ್ಚಿಡುತ್ತಾನೆ, ಇಲ್ಲವೇ ತನ್ನನ್ನು.

ಹಾಳೆಯ ಕೊನೆಯ ಕಾಲಮ್: ಇದನ್ನು ಸರಿಮಾಡುವ ಅಧಿಕಾರ ಯಾರ ಕೈಯಲ್ಲಿತ್ತು, ಯಾವಾಗ? ಆ ಕ್ಷಣ ಮೈದಾನದಲ್ಲಿ ಆಟಗಾರನ ಕೈಯಲ್ಲೋ, ಆ ವಾರದ ಅಭ್ಯಾಸದಲ್ಲಿ ಅಸಿಸ್ಟೆಂಟ್ ಕೈಯಲ್ಲೋ, ಬೇಸಿಗೆಯಲ್ಲಿ ಕುರ್ಚಿ ಹಂಚುವಾಗ ಹೆಡ್ ಕೋಚ್ ಕೈಯಲ್ಲೋ, ಕರಾರಿಗೆ ಸಹಿ ಹಾಕುವಾಗ ಆಡಳಿತದ ಕೈಯಲ್ಲೋ. ಈ ಋತುವಿನ ಆಟಗಳನ್ನು ಹೀಗೆ ಹಾಕಿದರೆ ಒದೆತದ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ಬೇಸಿಗೆಯ ಕುರ್ಚಿ ಹಂಚಿಕೆಗೆ ಹೋಗಿ ನಿಲ್ಲುತ್ತವೆ. ಹತ್ತರಲ್ಲಿ ಒಂದು ಕುರ್ಚಿಯನ್ನು 2020ರಲ್ಲೇ ಇದಕ್ಕೆ ಇಟ್ಟಿದ್ದರೆ ಆಗುತ್ತಿದ್ದ ಖರ್ಚು ಒಬ್ಬ ಅಸಿಸ್ಟೆಂಟ್‌ನ ಸಂಬಳ. ಒಂಬತ್ತನೇ ಪಂದ್ಯದ ನಾಲ್ಕು ಇಂಟರ್‌ಸೆಪ್ಷನ್ ಎಸೆದವನದೇ ಸಾಲಿಗೆ ಹೋಗುತ್ತವೆ. ಒಂದೂವರೆ ಕೋಟಿ ಡಾಲರ್ ಬೈಔಟ್‌ನ ಹೊರೆ 2019ರ ಸಹಿಯ ಸಾಲಿಗೆ.

ಏಳನೇ ಪಂದ್ಯದ ಫಂಬಲ್ ಮಾತ್ರ ಎರಡು ಕಾಲಮ್‌ನಲ್ಲೂ ಉಳಿಯುತ್ತದೆ. ಚೆಂಡನ್ನು ಎರಡೂ ಕೈಯಿಂದ ಅಪ್ಪಿ ನೆಲಕ್ಕೆ ಬೀಳಬೇಕಾದ ಹೊತ್ತಿನಲ್ಲಿ ಇನ್ನೊಂದು ಗಜಕ್ಕೆ ತಿಣುಕಿದ್ದು ಆಟಗಾರ. ಆತ ನಾಲ್ಕನೇ ವರ್ಷ ಆಡುತ್ತಿದ್ದವನು, ಚೆಂಡು ಜಾರಿಸುವ ಅವನ ಚಾಳಿ ಮೊದಲ ವರ್ಷದಿಂದಲೇ ಎಲ್ಲರಿಗೂ ತಿಳಿದದ್ದು, ಆದರೂ 29–29ರಲ್ಲಿ ಅವನನ್ನೇ ಗುಂಪಿನೊಳಗೆ ಓಡಿಸಿದ್ದು ಕರೆ ಕೊಟ್ಟವರು.